ಮಕ್ಕಳ ಚಿತ್ರಗಾರ್ತಿ ಮಿಸ್ ಜೆಸ್ಸಿ ವಿಲ್‌ಕಾಕ್ಸ್ ಸ್ಮಿತ್

ಹಾಸನದ ಹೆಣ್ಣುಮಕ್ಕಳಲ್ಲದೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದಲೂ ಬಂದು ಓದುವ ವಿದ್ಯಾರ್ಥಿನಿಯರಲ್ಲಿ ಚೆನ್ನಾಗಿ ಚಿತ್ರ ಬರೆಯಬಲ್ಲವರು ಪ್ರತಿಯೊಂದು ತರಗತಿಯಲ್ಲಿಯೂ ಇಬ್ಬರು ಮೂವರಾದರೂ ಇದ್ದೇ ಇರುವರು. ಬಾಲ್ಯದಲ್ಲಿಯೇ ತಾಯಿ ಅಜ್ಜಿಯರ ಬಳಿ ರಂಗವಲ್ಲಿಯನ್ನು ಕಲಿತು ಬಂದ ಕೈಗಳಿಗೆ ಗೆರೆಯನ್ನು ತಪ್ಪದೆ ಎಳೆಯುವುದು ಕಷ್ಟವಲ್ಲ. ಆದರೆ ಆ ಕೈಗಳಿಗೆ ಶಾಲೆಯನ್ನು ಬಿಟ್ಟ ಮೇಲೆ ಏನಾಗುವುದೆಂಬುದನ್ನು ವಿಚಾರಿಸುವವರು ಕಡಿಮೆ. ಚಿತ್ರ ಬರೆಯುವುದು ಹೆಣ್ಣುಮಗಳಿಗೆ ಬಿಡುವಿನ ವೇಳೆಯ ವಿನೋದವೇ ಹೊರತು ಜೀವನೋಪಾಯವಾಗಲಾರದೆಂದು ನಮ್ಮವರು ಎಣಿಸಿರುವಂತೆಯೇ, ನೂರೈವತ್ತು ವರ್ಷಗಳ ಹಿಂದೆ ಅಮೆರಿಕಾದವರೂ ಎಣಿಸಿದ್ದರು. ಆ ಎಣಿಕೆಯನ್ನು ತಮ್ಮ ದುಡಿಮೆಯಿಂದ ಸುಳ್ಳುಮಾಡಿದವರಲ್ಲಿ ಒಬ್ಬರಾದ ಮಿಸ್ ಸ್ಮಿತ್‌ರವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಉದ್ಯುಕ್ತರಾಗಿದ್ದೇವೆ.

ಜೆಸ್ಸಿ ವಿಲ್‌ಕಾಕ್ಸ್ ಸ್ಮಿತ್‌ರವರು 1863ನೆಯ ಇಸವಿ ಸೆಪ್ಟೆಂಬರ್ 6ನೆಯ ತಾರೀಖು ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಹೆನ್ರಿ ಸ್ಮಿತ್‌ರವರು ಹಣಕಾಸಿನ ವ್ಯವಹಾರವನ್ನು ನಡೆಸುತ್ತಿದ್ದವರು; ತಾಯಿ ಕ್ಯಾಥರೀನ್. ಹದಿನಾರನೆಯ ವಯಸ್ಸಿನಲ್ಲಿ ಮಗಳನ್ನು ಓಹೈಯೋ ಸಂಸ್ಥಾನದ ಸಿನ್ಸಿನಾಟಿ ಪಟ್ಟಣದಲ್ಲಿದ್ದ ಬಂಧುಗಳ ಮನೆಗೆ ಓದಿಗಾಗಿ ಕಳುಹಿಸಿಕೊಟ್ಟರು. ಅಲ್ಲಿ ಈಕೆ ಉಪಾಧ್ಯಾಯಿನಿಯ ಶಿಕ್ಷಣವನ್ನು ಪಡೆದು 1883ರಲ್ಲಿ ಶಿಶುಗಳ ಕಿಂಡರ್‌ಗಾರ್ಟನ್ ಪಾಠಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಈ ಭಾಗವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ಲೋಕಪ್ರಸಿದ್ಧವಾದ ಅವರ ಚಿತ್ರಗಳ ಬೇರು ಇಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ಆದರೆ ಆ ಕೆಲಸ ಬಹುಕಾಲ ನಡೆಯಲಿಲ್ಲ. ಮಿಸ್ ಸ್ಮಿತ್‌ರವರು ಎತ್ತರವಾದ ಆಳು, ಬೆನ್ನುನೋವಿನಿಂದ ನರಳುತ್ತಿದ್ದವರು. ದಿನವಿಡೀ ಮಕ್ಕಳ ಎತ್ತರಕ್ಕೆ ಬಗ್ಗಿ ಏಳುವುದು ಅವರ ಶರೀರಕ್ಕೆ ಒಗ್ಗಲಿಲ್ಲ.

ಅವರಿಗೆ ಚಿತ್ರ ಬರುವುದೆಂಬುದು ತಿಳಿದುಬಂದದ್ದಾದರೋ ಅಕಸ್ಮಾತ್ತಾಗಿ. ಪರಿಚಿತಳಾದ ಒಬ್ಬ ತರುಣಿಯು ಒಬ್ಬ ಯುವಕನಿಗೆ ಚಿತ್ರಕಲೆಯ ಪಾಠವನ್ನು ಹೇಳಿಕೊಡಬೇಕಾಗಿತ್ತು. ಅವಿವಾಹಿತಳು ಪರಪುರುಷನಿಗೆ ಒಂಟಿಯಾಗಿ ಪಾಠ ಹೇಳುವುದು ಆ ಕಾಲದ ಮರ್ಯಾದೆಗೆ ಸಲ್ಲದ್ದಾದ ಕಾರಣ, ಜೊತೆಗಿರಲೆಂದು ಜೆಸ್ಸಿಯವರನ್ನು ಕರೆದುಕೊಂಡು ಹೋದಳು. ಸುಮ್ಮನೆ ಕುಳಿತಿರಲಾರದೆ ಜೆಸ್ಸಿಯವರೂ ಒಂದು ಕಾಗದವನ್ನು ತೆಗೆದುಕೊಂಡು ಎದುರಿಗಿದ್ದ ದೀಪವನ್ನು ಬರೆದರು. ಅದನ್ನು ಕಂಡವರು ಬೆರಗಾದರು. ಪಾಠವನ್ನು ಕಲಿಯಬಂದ ಯುವಕನು ಎಷ್ಟು ಕಲಿತನೋ ನಾವು ಕೇಳಿಲ್ಲ. ಕಾವಲಿಗೆಂದು ಬಂದವರು ಮಾತ್ರ ಚಿತ್ರಕಾರಿಣಿಯಾದರು.

1884ರಲ್ಲಿ ಅವರು ಫಿಲಡೆಲ್ಫಿಯಾದ ಸ್ತ್ರೀಯರ ವಿನ್ಯಾಸ ಪಾಠಶಾಲೆಗೂ, ಮರುವರ್ಷ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿಗೂ ಸೇರಿದರು. ಅಕಾಡೆಮಿಯಲ್ಲಿ ಪಾಠ ಹೇಳುತ್ತಿದ್ದವರು ಸುಪ್ರಸಿದ್ಧ ಚಿತ್ರಕಾರರಾದ ಥಾಮಸ್ ಈಕಿನ್ಸ್‌ರವರು. ಮನುಷ್ಯನ ಅಂಗರಚನೆಯನ್ನು ಬಲ್ಲದವನು ಮನುಷ್ಯನ ಚಿತ್ರವನ್ನು ಬರೆಯಲಾರನೆಂಬುದು ಅವರ ಸಿದ್ಧಾಂತ. ಪುರುಷರಿಗೆ ಕಲಿಸುವುದನ್ನೆಲ್ಲ ಸ್ತ್ರೀಯರಿಗೂ ಕಲಿಸಬೇಕೆಂದು ಹಟ ಹಿಡಿದು, ಸ್ತ್ರೀಯರ ತರಗತಿಯಲ್ಲಿ ಪುರುಷಶರೀರವನ್ನು ಯಾವ ಮರೆಯೂ ಇಲ್ಲದೆ ತೋರಿಸಿದ ಕಾರಣದಿಂದ 1886ರಲ್ಲಿ ಅವರು ಆ ಸಂಸ್ಥೆಯನ್ನು ಬಿಡಬೇಕಾಯಿತು. ಶಿಷ್ಯರ ಮನಸ್ಸಿಗೆ ನಾಟುವಂತೆ ಅವರು ಬಿಟ್ಟುಹೋದುದು ಎರಡು: ಕಣ್ಣಿಗೆ ಕಂಡುದನ್ನು ಕಂಡಂತೆ ಬರೆಯುವ ನಿಷ್ಠೆ, ಮತ್ತು ಫೋಟೋವನ್ನು ಚಿತ್ರಕ್ಕೆ ಸಹಾಯವಾಗಿ ಉಪಯೋಗಿಸುವ ಉಪಾಯ. ಎರಡನೆಯದು ಮಿಸ್ ಸ್ಮಿತ್‌ರವರಿಗೆ ನಲವತ್ತು ವರ್ಷಗಳ ತರುವಾಯ ಕೆಲಸಕ್ಕೆ ಬಂದಿತು.

1888ರಲ್ಲಿ ಅಕಾಡೆಮಿಯ ಶಿಕ್ಷಣವು ಮುಗಿಯಿತು. ಅದೇ ವರ್ಷ ಅವರ ಒಂದು ಚಿತ್ರವು ಸೇಂಟ್ ನಿಕೊಲಸ್ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಇಷ್ಟರಿಂದಲೇ ಹೊಟ್ಟೆ ತುಂಬುವುದುಂಟೆ? ಲೇಡೀಸ್ ಹೋಮ್ ಜರ್ನಲ್ ಎಂಬ ಸ್ತ್ರೀಯರ ಪತ್ರಿಕೆಯ ಜಾಹೀರಾತು ಶಾಖೆಯಲ್ಲಿ ಅವರು ನೌಕರಿಗೆ ನಿಂತರು. ಇತರರು ಅರ್ಧ ಬರೆದ ಚಿತ್ರಗಳನ್ನು ಪೂರ್ತಿಮಾಡುವುದು, ಪುಟದ ಅಂಚಿಗೆ ಬಳ್ಳಿ ಹೂವುಗಳನ್ನು ಬರೆಯುವುದು, ವ್ಯಾಪಾರಿಗಳ ಸರಕಿನ ಚಿತ್ರಗಳನ್ನು ಅಚ್ಚಿಗೆ ಸಿದ್ಧಪಡಿಸುವುದು, ಇಂಥ ಕೆಲಸದಲ್ಲಿ ಐದು ವರ್ಷಗಳು ಕಳೆದುವು. ಜೀವನಚರಿತ್ರೆಗಳನ್ನು ಬರೆಯುವವರು ಇಂಥ ವರ್ಷಗಳನ್ನು ಹಾರಿಸಿಬಿಡುವುದು ವಾಡಿಕೆ. ನಾವು ಹಾಗೆ ಮಾಡಲಾರೆವು. ಅಚ್ಚಿನಲ್ಲಿ ಯಾವ ಬಣ್ಣವು ಉಳಿಯುವುದು, ಯಾವುದು ಕೆಡುವುದು, ಯಾವ ಗೆರೆ ದೂರದಿಂದ ಕಾಣುವುದು ಎಂಬ ವಿದ್ಯೆಯು ಯಾವ ಅಕಾಡೆಮಿಯಲ್ಲಿಯೂ ದೊರೆಯುವಂಥದಲ್ಲ.

1894ರಲ್ಲಿ, ಮೂವತ್ತು ವರ್ಷಗಳು ತುಂಬಿದ ಮೇಲೆ, ಅವರು ಪುನಃ ವಿದ್ಯಾರ್ಥಿನಿಯಾದರು. ಪುಸ್ತಕಗಳಿಗೆ ಚಿತ್ರ ಬರೆಯುವುದರಲ್ಲಿ ಅಮೆರಿಕಾದಲ್ಲೆಲ್ಲ ಹೆಸರಾಗಿದ್ದ ಹೊವರ್ಡ್ ಪೈಲ್‌ರವರು ಆಗತಾನೆ ಡ್ರೆಕ್ಸೆಲ್ ಇನ್ಸ್‌ಟಿಟ್ಯೂಟಿನಲ್ಲಿ ತರಗತಿಯನ್ನು ಆರಂಭಿಸಿದ್ದರು. ಕಥೆಯನ್ನು ಹೊರಗೆ ನಿಂತು ನೋಡಿ ಬರೆಯಬಾರದು, ಅದರ ಒಳಕ್ಕೆ ಹೊಕ್ಕು ಪಾತ್ರಗಳೊಡನೆ ಬಾಳಿ ಬರೆಯಬೇಕೆಂಬುದು ಪೈಲ್‌ರವರ ಬೋಧನೆ. ಅಲ್ಲಿ ಮಿಸ್ ಸ್ಮಿತ್‌ರವರಿಗೆ ಎಲಿಜಬೆತ್ ಶಿಪ್ಪೆನ್ ಗ್ರೀನ್, ವಯೊಲೆಟ್ ಓಕ್ಲಿ ಎಂಬಿಬ್ಬರು ಸಹಪಾಠಿನಿಯರು ದೊರೆತರು. 1897ರಲ್ಲಿ ಕವಿ ಲಾಂಗ್‌ಫೆಲೋರವರ ಇವಾಂಜಲೀನ್ ಕಾವ್ಯಕ್ಕೆ ಮಿಸ್ ಓಕ್ಲಿಯವರೂ ಇವರೂ ಸೇರಿ ಬರೆದ ಚಿತ್ರಗಳು ಗುರುಗಳ ಶಿಫಾರಸಿನಿಂದಲೇ ಪ್ರಕಟವಾದುವು.

ಈ ಮೂವರೂ ಮೊದಲು ಪಟ್ಟಣದ ಒಂದು ಚಿತ್ರಶಾಲೆಯಲ್ಲಿ ಒಟ್ಟಿಗೆ ಕೆಲಸಮಾಡುತ್ತಿದ್ದು, ತರುವಾಯ ವಿಲನೋವಾ ಎಂಬ ಹಳ್ಳಿಗಾಡಿನಲ್ಲಿ ರೆಡ್ ರೋಸ್ ಇನ್ ಎಂಬ ಹಳೆಯ ಛತ್ರದಂಥ ಕಟ್ಟಡವನ್ನು ಬಾಡಿಗೆಗೆ ಹಿಡಿದರು. ಹೆನ್ರಿಯೆಟ್ಟಾ ಕೋಜೆನ್ಸ್ ಎಂಬ ನಾಲ್ಕನೆಯ ಸ್ನೇಹಿತೆಯು ಮನೆವಾರ್ತೆಯನ್ನೂ ತೋಟವನ್ನೂ ವಹಿಸಿಕೊಂಡರು. ಮಿಸ್ ಗ್ರೀನ್‌ರವರ ವೃದ್ಧ ತಂದೆತಾಯಿಗಳೂ ಮಿಸ್ ಓಕ್ಲಿಯವರ ತಾಯಿಯೂ ಅವರೊಡನೆ ಇದ್ದರು. ಪೈಲ್‌ರವರು ವಿನೋದವಾಗಿ ಇವರನ್ನು ಕೆಂಗುಲಾಬಿಯ ಹುಡುಗಿಯರೆಂದು ಕರೆದರು. ಆ ಮನೆಯು ಮಾರಾಟವಾಗಲು, ಕೋಜೆನ್ಸ್, ಓಕ್ಲಿ, ಗ್ರೀನ್, ಸ್ಮಿತ್ ಎಂಬ ನಾಲ್ಕು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಕಾಗ್ಸ್‌ಲೀ ಎಂದು ಹೆಸರಿಟ್ಟುಕೊಂಡ ಬೇರೊಂದು ಮನೆಯನ್ನು ಮೌಂಟ್ ಏರಿಯಲ್ಲಿ ಮಾಡಿಕೊಂಡರು. ದುಡಿಯುವ ಸ್ತ್ರೀಗೆ ಅಡಿಗೆಮನೆಯ ಭಾರವನ್ನು ಹೊರುವವರು ಇನ್ನೊಬ್ಬರಿಲ್ಲದಿದ್ದರೆ ಕುಂಚವನ್ನು ಹಿಡಿಯಲು ಹೊತ್ತೆಲ್ಲಿ? ಮಿಸ್ ಕೋಜೆನ್ಸ್‌ರವರ ಹೆಸರು ಯಾವ ಚಿತ್ರದ ಕೆಳಗೂ ಇಲ್ಲ. ಆದರೆ ಆಕೆಯಿಲ್ಲದೆ ಆ ಚಿತ್ರಗಳಲ್ಲಿ ಎಷ್ಟೋ ಹುಟ್ಟುತ್ತಿರಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಎಂದೆಂದಿಗೂ ಒಟ್ಟಿಗೆ ಬಾಳುವೆವೆಂದು ಅವರು ಮಾಡಿಕೊಂಡಿದ್ದ ಒಪ್ಪಂದವು 1911ರಲ್ಲಿ ಮುರಿಯಿತು. ಮಿಸ್ ಗ್ರೀನ್‌ರವರು ವಿವಾಹವಾಗಿ ಹೊರಟುಹೋದರು. ಮದುವೆಯಾದೊಡನೆ ಸ್ತ್ರೀಯ ಕಲೆಯು ಮುಗಿಯಿತೆಂದು ಗುರು ಪೈಲ್‌ರವರು ತಿಳಿದಿದ್ದರು. ಆಶ್ಚರ್ಯವೇನೆಂದರೆ, ಗೃಹಕೃತ್ಯ, ಕಲೆ ಎರಡರಲ್ಲಿ ಒಂದನ್ನು ಆರಿಸಿಕೊಂಡ ಸ್ತ್ರೀಯು ಇನ್ನೊಂದನ್ನು ತ್ಯಜಿಸಲೇಬೇಕೆಂಬುದು ಮಿಸ್ ಸ್ಮಿತ್‌ರವರ ನಂಬಿಕೆಯೂ ಆಗಿತ್ತು. ತಾವು ಆರಿಸಿಕೊಂಡಂತೆಯೇ ಕಡೆಯವರೆಗೂ ಅವಿವಾಹಿತರಾಗಿ ಉಳಿದರು. ಈ ವಿಷಯದಲ್ಲಿ ನಾವು ಗುರುಗಳನ್ನೂ ಒಪ್ಪುವುದಿಲ್ಲ, ಶಿಷ್ಯೆಯನ್ನೂ ಒಪ್ಪುವುದಿಲ್ಲ. ಗ್ರೀನ್‌ರವರು ವಿವಾಹದ ತರುವಾಯವೂ ಚಿತ್ರ ಬರೆಯುವುದನ್ನು ನಿಲ್ಲಿಸಲಿಲ್ಲವೆಂಬುದೇ ನಮಗೆ ಸಾಕ್ಷಿ.

ತಮಗೆ ಮಕ್ಕಳಿಲ್ಲದ ಮಿಸ್ ಸ್ಮಿತ್‌ರವರು ಮಕ್ಕಳನ್ನು ಬರೆಯುತ್ತಿದ್ದ ಕ್ರಮವು ವಿಚಾರಿಸತಕ್ಕದ್ದು. ಕೂಲಿಗೆ ಬಂದು ಅಲುಗಾಡದೆ ಕುಳಿತುಕೊಳ್ಳುವ ಮಕ್ಕಳು ಅವರಿಗೆ ಬೇಡವಾಗಿದ್ದರು. ಅಂಥವರ ಮುಖದಲ್ಲಿ ಮಗುತನವೇ ಉಳಿದಿರುವುದಿಲ್ಲವೆಂಬುದು ಅವರ ಅನುಭವ. ಸ್ನೇಹಿತರ ಮಕ್ಕಳನ್ನು ತೋಟಕ್ಕೆ ಕರೆತಂದು, ಆಡಿಕೊಳ್ಳಲು ಬಿಟ್ಟು, ದೂರದಿಂದ ನೋಡುತ್ತಿದ್ದರು. ಮಗುವು ಸ್ವಲ್ಪ ಹೊತ್ತು ನಿಲ್ಲಬೇಕಾದಾಗ ಕಿನ್ನರಿಯರ ಕಥೆಯನ್ನು ಹೇಳಲಾರಂಭಿಸುವರು. ಕಥೆಯಲ್ಲಿ ಮಗ್ನವಾದ ಮಗುವು ತಾನು ಚಿತ್ರಕ್ಕಾಗಿ ನಿಂತಿದ್ದೇನೆಂಬುದನ್ನೇ ಮರೆಯುವುದು. ಆ ಮರೆವಿನ ಮುಖವೇ ಅವರಿಗೆ ಬೇಕಾದುದು. ಕಥೆಯನ್ನು ರಸವತ್ತಾಗಿ ಹೇಳುತ್ತಲೇ ಚಿತ್ರವನ್ನೂ ಬರೆಯಬೇಕಾದ ಈ ಕಷ್ಟವನ್ನು ಶಿಶುಪಾಠಶಾಲೆಯ ಉಪಾಧ್ಯಾಯಿನಿಯಲ್ಲದೆ ಮತ್ತಾರು ನಿಭಾಯಿಸಿಯಾರು? ಬೆನ್ನು ಬಗ್ಗದೆ ಬಿಟ್ಟುಬಂದ ಕೆಲಸವು ಹೀಗೆ ಬೇರೊಂದು ದಾರಿಯಿಂದ ಅವರ ಬಳಿಗೆ ಹಿಂದಿರುಗಿತು. ಅವರು ಮೊದಲು ಇದ್ದಲಿನಿಂದ ರೂಪವನ್ನು ಬಲವಾಗಿ ಗುರುತಿಸಿಕೊಂಡು, ಅದರ ಮೇಲೆ ತೈಲವರ್ಣವನ್ನೋ ಜಲವರ್ಣವನ್ನೋ ತೆಳುವಾಗಿ ಹರಿಸುತ್ತಿದ್ದರು. ಹೊರಗೆರೆಯು ದಟ್ಟವಾಗಿ, ಒಳಗಿನ ಬಣ್ಣವು ಸಮವಾಗಿ ಇರುವುದರಿಂದ ಅಕ್ಷರವನ್ನು ಅರಿಯದ ಕೂಸಿಗೂ ಚಿತ್ರವು ಒಮ್ಮೆಗೇ ತಿಳಿಯುವುದು.

ಅವರು ಅರುವತ್ತಕ್ಕಿಂತಲೂ ಹೆಚ್ಚು ಪುಸ್ತಕಗಳಿಗೆ ಚಿತ್ರಗಳನ್ನು ಬರೆದರು. ಸ್ಟೀವನ್‌ಸನ್‌ರವರ ಶಿಶುಗೀತೆಗಳ ಪುಸ್ತಕವು 1905ರಲ್ಲಿಯೂ, ಲೂಯಿಸಾ ಆಲ್‌ಕಾಟ್‌ರವರ ಲಿಟ್ಲ್ ವಿಮೆನ್ 1915ರಲ್ಲಿಯೂ, ಹೈಡಿ 1922ರಲ್ಲಿಯೂ ಇವರ ಚಿತ್ರಗಳೊಡನೆ ಹೊರಬಂದುವು. 1914ರಲ್ಲಿ ಪ್ರಕಟವಾದ ಮದರ್ ಗೂಸ್ ಪದ್ಯಗಳ ಪುಸ್ತಕದ ಹೆಸರಿನಲ್ಲಿಯೇ ಚಿತ್ರಗಾರ್ತಿಯ ಹೆಸರನ್ನು ಸೇರಿಸಲಾಯಿತು. ಬೇಲೂರಿನ ವಿಗ್ರಹಗಳ ಕೆಳಗೆ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳನ್ನು ಓದಿ ಸಂತೋಷಪಡುವ ನಮ್ಮ ಜಿಲ್ಲೆಯವರಿಗೆ ಈ ಗೌರವದ ಬೆಲೆಯನ್ನು ವಿವರಿಸಬೇಕಾದುದಿಲ್ಲ.

ಇವೆಲ್ಲಕ್ಕಿಂತ ಶ್ರೇಷ್ಠವಾದುದು 1916ರ ವಾಟರ್ ಬೇಬೀಸ್, ಎಂದರೆ ನೀರಿನ ಮಕ್ಕಳು. ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಇಂಗ್ಲಿಷ್ ಪಾದ್ರಿಯವರು ಬರೆದ ಈ ಕಥೆಯು ಪುಸ್ತಕರೂಪವಾಗಿ ಬಂದದ್ದು ಮಿಸ್ ಸ್ಮಿತ್‌ರವರು ಹುಟ್ಟಿದ 1863ರಲ್ಲಿಯೇ. ಇಂಗ್ಲೆಂಡಿನಲ್ಲಿ ಆಗ ಹೊಗೆಗೂಡುಗಳನ್ನು ಶುದ್ಧಿಮಾಡಲು ಸಣ್ಣ ಹುಡುಗರನ್ನು ಅವುಗಳೊಳಗೆ ಹತ್ತಿಸುತ್ತಿದ್ದರು. ಅಂಥ ಟಾಮ್ ಎಂಬ ಅನಾಥಬಾಲಕನು ಮಸಿಹಿಡಿದ ಮೈಯಿಂದ ಓಡಿಹೋಗಿ ಹೊಳೆಗೆ ಬಿದ್ದು, ನೀರಿನ ಮಗುವಾಗಿ, ಶುದ್ಧನಾಗಿ, ಒಳ್ಳೆಯದನ್ನು ಕಲಿಯುತ್ತ ಹೋಗುವುದೇ ಕಥೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದಲ್ಲಿ ನಿಂತು ನೀರಿನೊಳಗೆ ಬೆಳಕು ಮುರಿಯುವುದನ್ನು ನೋಡಿದ ಮಕ್ಕಳಿಗೆ ಈ ಪುಸ್ತಕದ ಹಸುರು ನೀಲಿಗಳು ಅಪರಿಚಿತವಾಗಿ ತೋರಲಾರವು. ದಯಾಮಯಿಯಾದ ಕಿನ್ನರಿಯೊಬ್ಬಳು ಶಿಶುಗಳನ್ನು ಮಡಿಲು ತುಂಬ ತಬ್ಬಿಕೊಂಡಿರುವ ಚಿತ್ರವು ಇವರ ಕೃತಿಗಳಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು.

1917ರ ಡಿಸೆಂಬರಿನಿಂದ 1933ರವರೆಗೆ ಗುಡ್ ಹೌಸ್‌ಕೀಪಿಂಗ್ ಎಂಬ ಮಾಸಪತ್ರಿಕೆಯ ಮುಖಪುಟಕ್ಕೆ ತಿಂಗಳು ತಪ್ಪದೆ ಇವರದೇ ಚಿತ್ರ. ನಮ್ಮ ಕಡೆ ರವಿವರ್ಮನ ಲಕ್ಷ್ಮೀ ಸರಸ್ವತಿಯರು ಅಚ್ಚಿನ ಪಟಗಳಾಗಿ ಬಡವರ ಗೋಡೆಯನ್ನೂ ಸೇರಿದಂತೆ, ಈ ಮುಖಪುಟಗಳು ಅಮೆರಿಕಾದ ಲಕ್ಷಾಂತರ ಮನೆಗಳನ್ನು ಸೇರಿದುವು. ಒಂದೊಂದಕ್ಕೆ ಸಾವಿರ ಡಾಲರಿಗೂ ಮೀರಿದ ಸಂಭಾವನೆ ಸಲ್ಲುತ್ತಿತ್ತು. ಮಿಸ್ ಸ್ಮಿತ್‌ರವರು ಆ ಹಣದಿಂದ ಕಾಗ್ಸ್‌ಹಿಲ್ ಎಂಬ ಸ್ವಂತ ಮನೆಯನ್ನು ನಡೆಸಿದರು. ಚಿಕ್ಕಮ್ಮನನ್ನೂ ಸೋದರನನ್ನೂ ಅಲ್ಲಿಟ್ಟುಕೊಂಡು ಸಾಕಿದರು. ಕಷ್ಟದಲ್ಲಿದ್ದ ಬಂಧುಗಳಿಗೂ ಅನೇಕ ಮಕ್ಕಳಿಗೂ ಒತ್ತಾಸೆಯಾದರು. ಮದುವೆಯಾಗದ ಮಗಳು ಮನೆಗೆ ಭಾರವೆಂಬ ಮಾತು ಈ ಮನೆಯಲ್ಲಿ ತಲೆಕೆಳಗಾಗಿತ್ತು.

ಅರುವತ್ತು ವರ್ಷ ಸಮೀಪಿಸಿದ ಮೇಲೆ ಅವರು ಪುಸ್ತಕಗಳ ಕೆಲಸವನ್ನು ಕಡಿಮೆಮಾಡಿ ಭಾವಚಿತ್ರಗಳನ್ನು ಬರೆಯುವುದರಲ್ಲಿ ಹೆಚ್ಚಾಗಿ ತೊಡಗಿದರು. ಅವೂ ಬಹುಮಟ್ಟಿಗೆ ಮಕ್ಕಳವೇ. ಗಂಟೆಗಟ್ಟಲೆ ಕುಳಿತಿರಲಾರದ ಮಕ್ಕಳಿಗಾಗಿ ಈಕಿನ್ಸ್‌ರವರ ಶಿಷ್ಯೆಯು ಫೋಟೋಗಳ ಸಹಾಯವನ್ನು ಪಡೆದರು. ಕಥೆಯ ಪುಸ್ತಕದಲ್ಲಿ ಮಗುವು ಯಾರದಾದರೂ ಆಗಬಹುದು. ಭಾವಚಿತ್ರದಲ್ಲಿ ಅದು ಒಬ್ಬ ತಾಯಿಯ ಒಂದೇ ಮಗು. ಈ ಭೇದವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಅವರ ಮಕ್ಕಳೆಲ್ಲ ಹೊಟ್ಟೆತುಂಬ ಉಂಡವರು, ಒಗೆದ ಉಡುಪಿನವರು, ತೋಟವುಳ್ಳ ಮನೆಯವರು. ಅದೇ ಕಾಲದಲ್ಲಿ ಪೆನ್ಸಿಲ್ವೇನಿಯಾದ ಗಿರಣಿಗಳಲ್ಲಿಯೂ ಕಲ್ಲಿದ್ದಲ ಗಣಿಗಳಲ್ಲಿಯೂ ದುಡಿಯುತ್ತಿದ್ದ ಬಾಲಕರು ಆ ಪುಟಗಳಲ್ಲಿ ಕಾಣುವುದಿಲ್ಲ. ಕಪ್ಪು ಜನರ ಮಕ್ಕಳಂತೂ ಇಲ್ಲವೆಂದೇ ಹೇಳಬೇಕು. ಮಸಿಹಿಡಿದ ಟಾಮನೊಬ್ಬನು ಇದಕ್ಕೆ ಹೊರತು. ಪತ್ರಿಕೆಗಳನ್ನು ಕೊಳ್ಳುತ್ತಿದ್ದವರ ಅಪೇಕ್ಷೆಯು ಇದಕ್ಕೆ ಕಾರಣವಿರಬಹುದು. ಆದರೂ ಅಂಥ ಕಣ್ಣು ಅತ್ತ ಹೊರಳಲಿಲ್ಲವಲ್ಲ ಎಂದು ನಮಗೆ ವ್ಯಥೆಯಾಗುವುದು.

1933ರಲ್ಲಿ, ಆರೋಗ್ಯವೂ ದೃಷ್ಟಿಯೂ ಕುಂದಿದ್ದಾಗ, ಅವರು ಯೂರೋಪು ಖಂಡವನ್ನು ನೋಡಿಬಂದರು. 1935ನೆಯ ಇಸವಿ ಮೇ 3ನೆಯ ತಾರೀಖು ತಮ್ಮ ಮನೆಯಲ್ಲಿ ನಿದ್ರೆಯಲ್ಲಿಯೇ ಪ್ರಾಣಬಿಟ್ಟರು. ಆಗ ಅವರಿಗೆ ಎಪ್ಪತ್ತೊಂದು ವರ್ಷ. ಮರುವರ್ಷ ಪೆನ್ಸಿಲ್ವೇನಿಯಾ ಅಕಾಡೆಮಿಯು ಅವರ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ಅಮೆರಿಕಾದ ಚಿತ್ರಗಾರರ ಸಂಘವು ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಅವರ ಹೆಸರನ್ನು ಸೇರಿಸಿದ್ದು ಬಹು ತಡವಾಗಿ, 1991ರಲ್ಲಿ. ಆ ಪಟ್ಟಿಯನ್ನು ಸೇರಿದ ಸ್ತ್ರೀಯರಲ್ಲಿ ಅವರು ಎರಡನೆಯವರು. ಗೆಳತಿಯರಲ್ಲಿ ಮಿಸ್ ಕೋಜೆನ್ಸ್‌ರವರು 1940ರಲ್ಲಿ ತೀರಿಕೊಂಡರು. ಗ್ರೀನ್‌ರವರು ಪತಿಯ ಮರಣಾನಂತರ ಮೌಂಟ್ ಏರಿಗೇ ಹಿಂದಿರುಗಿ ಬಂದು 1954ರವರೆಗೂ, ಓಕ್ಲಿಯವರು 1961ರವರೆಗೂ ಬದುಕಿದ್ದರು. ನೀರಿನ ಮಕ್ಕಳ ಹನ್ನೆರಡು ಮೂಲಚಿತ್ರಗಳನ್ನು ಮಿಸ್ ಸ್ಮಿತ್‌ರವರು ಯಾರಿಗೂ ಮಾರದೆ ಉಳಿಸಿಕೊಂಡಿದ್ದು, ತಮ್ಮ ಮರಣಶಾಸನದ ಮೂಲಕ ದೇಶಕ್ಕೆ ಬಿಟ್ಟುಹೋದರು. ಅವು ವಾಷಿಂಗ್‌ಟನ್ ನಗರದ ಕಾಂಗ್ರೆಸ್ ಪುಸ್ತಕಭಂಡಾರದಲ್ಲಿವೆ.