ಕ್ವಾಂಟಮ್ ಬಂದರೆ ಸೂಪರ್ ಕಂಪ್ಯೂಟರ್ ಗುಜರಿಗೆ ಹೋಗುತ್ತದೆಯೇ? ಫೈನ್‌ಮನ್ ಬದುಕಿನಲ್ಲಿದೆ ಉತ್ತರ

ಕ್ವಾಂಟಮ್ ಕಂಪ್ಯೂಟರ್ ಬಂದ ಮೇಲೆ ಈಗಿನ ಕಂಪ್ಯೂಟರ್‌ಗಳೆಲ್ಲ ಗುಜರಿ ಸೇರುತ್ತವೆ, ಮಕ್ಕಳಿಗೆ ಅದನ್ನು ಓದಿಸುವುದೇ ದಂಡ ಎನ್ನುವಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದನ್ನು ನಂಬುವ ಮುನ್ನ, ಎರಡೂ ಬಗೆಯ ಕಂಪ್ಯೂಟರ್‌ಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದ ರಿಚರ್ಡ್ ಫೈನ್‌ಮನ್ ಅವರ ಬದುಕನ್ನು ಒಮ್ಮೆ ನೋಡೋಣ.

ಫೈನ್‌ಮನ್ ಹುಟ್ಟಿದ್ದು 1918ರ ಮೇ 11ರಂದು, ಅಮೆರಿಕದ ನ್ಯೂಯಾರ್ಕ್‌ನಲ್ಲಿ. ಹುಡುಗನಾಗಿದ್ದಾಗಲೇ ಅಕ್ಕಪಕ್ಕದವರ ಕೆಟ್ಟ ರೇಡಿಯೋ ರಿಪೇರಿ ಮಾಡುತ್ತಿದ್ದರು. 1942ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ಲಾಸ್ ಅಲಾಮೋಸ್‌ನ ಅಣುಬಾಂಬ್ ಯೋಜನೆ ಸೇರಿದರು.

ಅಲ್ಲಿ ದೊಡ್ಡ ದೊಡ್ಡ ಲೆಕ್ಕಗಳಿದ್ದವು. ಐಬಿಎಂ ಯಂತ್ರಗಳು ಬರುವ ಮೊದಲು ಒಂದು ಕೋಣೆಯಲ್ಲಿ ಯುವತಿಯರನ್ನು ಕೂರಿಸಿ ಕೆಲಸ ಹಂಚಲಾಯಿತು. ಒಬ್ಬರು ಗುಣಾಕಾರ ಮಾಡಿ ಕಾರ್ಡನ್ನು ಪಕ್ಕದವರಿಗೆ ದಾಟಿಸಿದರೆ, ಅವರದು ಬರೀ ಸಂಕಲನ. ಇದರಿಂದ ಲೆಕ್ಕದ ವೇಗ ಬಹಳ ಹೆಚ್ಚಿತು. ಯಂತ್ರಗಳು ಬಂದ ಮೇಲೆ ಆ ತಂಡದ ಹೊಣೆ ಫೈನ್‌ಮನ್‌ಗೆ ಬಂತು. ತಪ್ಪು ಸಿಕ್ಕರೆ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡುತ್ತಿರಲಿಲ್ಲ. ಕೆಟ್ಟ ಭಾಗವನ್ನಷ್ಟೇ ಬೇರೆ ಬಣ್ಣದ ಕಾರ್ಡ್‌ಗಳಲ್ಲಿ ಸರಿಪಡಿಸುತ್ತಿದ್ದರು.

ಅದೇ ಹೊತ್ತಿಗೆ ಅವರ ಪತ್ನಿ ಆರ್ಲೀನ್ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿ ಕ್ಷಯರೋಗದಿಂದ ನರಳುತ್ತಿದ್ದರು. 1945ರ ಜೂನ್‌ನಲ್ಲಿ ತೀರಿಕೊಂಡರು. ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿ ಮೇಲೆ ಬಾಂಬ್ ಬಿತ್ತು. ಆ ಬಳಿಕ ಕೆಲಕಾಲ, ಯಾರಾದರೂ ಸೇತುವೆ ಕಟ್ಟುವುದನ್ನು ಕಂಡರೂ ಇದೆಲ್ಲ ವ್ಯರ್ಥ ಎಂದು ಅವರಿಗೆ ಅನ್ನಿಸುತ್ತಿತ್ತಂತೆ.

ಆದರೂ ಅವರು ಚೇತರಿಸಿಕೊಂಡರು. 1965ರಲ್ಲಿ ಇನ್ನಿಬ್ಬರ ಜೊತೆ ಭೌತಶಾಸ್ತ್ರದ ನೊಬೆಲ್ ಬಂತು. 1981ರಲ್ಲಿ, ಎಂಐಟಿಯ ಒಂದು ಸಮ್ಮೇಳನದಲ್ಲಿ ಅವರು ಹೊಸ ವಿಚಾರ ಮುಂದಿಟ್ಟರು: ಪ್ರಕೃತಿ ಕ್ವಾಂಟಮ್ ನಿಯಮದಂತೆ ನಡೆಯುವಾಗ, ಅದನ್ನು ಅನುಕರಿಸುವ ಯಂತ್ರವೂ ಕ್ವಾಂಟಮ್ ಆಗಿದ್ದರೆ ಒಳ್ಳೆಯದು.

ಕಾರಣ ಸರಳ. 10 ಕ್ಯೂಬಿಟ್‌ಗಳ ಸ್ಥಿತಿಯನ್ನು ಪೂರ್ತಿ ಬರೆದಿಡಲು 1,024 ಸಂಖ್ಯೆ ಸಾಕು. ಒಂದೊಂದು ಕ್ಯೂಬಿಟ್ ಸೇರಿದಾಗಲೂ ಅದು ದುಪ್ಪಟ್ಟಾಗುತ್ತದೆ. 30 ಕ್ಯೂಬಿಟ್‌ಗೆ 107 ಕೋಟಿ ದಾಟುತ್ತದೆ. ಹೀಗೆ ಬೆಳೆದರೆ ಯಾವ ಸೂಪರ್ ಕಂಪ್ಯೂಟರ್ ತಾನೇ ತಡೆದೀತು?

ಹಾಗೆಂದು ಫೈನ್‌ಮನ್ ಹಳೆಯ ಕಂಪ್ಯೂಟರ್‌ಗಳಿಗೆ ಬೆನ್ನು ತಿರುಗಿಸಲಿಲ್ಲ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳ ನಂತರವೂ, 1983ರ ಬೇಸಿಗೆಯಲ್ಲಿ ಥಿಂಕಿಂಗ್ ಮಷೀನ್ಸ್ ಎಂಬ ಹೊಸ ಕಂಪನಿಗೆ ದುಡಿದರು. ಅಲ್ಲಿ ತಯಾರಾಗುತ್ತಿದ್ದ ಯಂತ್ರದಲ್ಲಿ 65,536 ಪುಟ್ಟ ಪ್ರೊಸೆಸರ್‌ಗಳಿದ್ದವು. ಅವು ಒಂದಕ್ಕೊಂದು ಮಾತಾಡುವ ಜಾಲದ ಲೆಕ್ಕ ಹಾಕಿದ್ದು ಫೈನ್‌ಮನ್. 1988ರ ಫೆಬ್ರವರಿ 15ರಂದು ಅವರು ನಿಧನರಾದರು.

ಈಗ ಈ ಎರಡು ದಾರಿಗಳೂ ಒಂದಾಗುತ್ತಿವೆ. 2022ರಲ್ಲಿ ಫಿನ್ಲೆಂಡ್‌ನ ಲೂಮಿ ಸೂಪರ್ ಕಂಪ್ಯೂಟರಿಗೆ 5 ಕ್ಯೂಬಿಟ್‌ನ ಹೆಲ್ಮಿ ಎಂಬ ಕ್ವಾಂಟಮ್ ಕಂಪ್ಯೂಟರ್ ಜೋಡಿಸಿದರು. 2025ರಲ್ಲಿ ಜಪಾನಿನ ಕೋಬೆಯಲ್ಲಿ ಫುಗಾಕು ಸೂಪರ್ ಕಂಪ್ಯೂಟರ್ ಜೊತೆಗೆ ಐಬಿಎಂನ ಕ್ವಾಂಟಮ್ ಯಂತ್ರ ಬಂತು. ಕೆಲಸ ನಡೆಯುವುದು ಹೀಗೆ: ಸೂಪರ್ ಕಂಪ್ಯೂಟರ್ ದೊಡ್ಡ ಲೆಕ್ಕವನ್ನು ಒಡೆದು, ಕಷ್ಟದ ತುಣುಕನ್ನು ಕ್ವಾಂಟಮ್ ಚಿಪ್‌ಗೆ ಕಳಿಸುತ್ತದೆ. ಬಂದ ಉತ್ತರವನ್ನು ಪರಿಶೀಲಿಸಿ ಮತ್ತೆ ಕಳಿಸುತ್ತದೆ. ಕ್ಯೂಬಿಟ್‌ಗಳು ಬೇಗ ತಪ್ಪುತ್ತವೆ. ಆ ತಪ್ಪು ಹಿಡಿಯಲೂ ಸಾಮಾನ್ಯ ಕಂಪ್ಯೂಟರೇ ಬೇಕು.

ಆಸ್ಪತ್ರೆಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂದರೆ ಲ್ಯಾಬು, ವಾರ್ಡು ಮುಚ್ಚುವುದಿಲ್ಲ. ಇದೂ ಹಾಗೆಯೇ. ಆದ್ದರಿಂದ ಮಕ್ಕಳು ಧೈರ್ಯವಾಗಿ ಕಂಪ್ಯೂಟರ್ ಕಲಿಯಲಿ. ಗುಜರಿಯ ಫಾರ್ವರ್ಡ್ ಮತ್ತೆ ಬಂದರೆ, ಈ ಕಥೆಯನ್ನು ತಿರುಗಿ ಕಳಿಸಿ.