ದಾದಿಯ ಧರ್ಮ ಮತ್ತು ಯುದ್ಧದ ಕಾನೂನು: ಎಡಿತ್ ಕ್ಯಾವೆಲ್

ರೋಗಿಯ ಬಳಿ ನಿಂತ ದಾದಿಗೆ ಎರಡು ಹೊಣೆಗಳಿರುತ್ತವೆ. ಒಂದನ್ನು ಕಾನೂನು ವಿಧಿಸುತ್ತದೆ, ಇನ್ನೊಂದನ್ನು ಅಂತಃಕರಣ. ಸಾಮಾನ್ಯವಾಗಿ ಇವೆರಡೂ ಜೊತೆಯಾಗಿಯೇ ಸಾಗುತ್ತವೆ. ಇವು ಎದುರುಬದುರಾದ ಗಳಿಗೆಯಲ್ಲಿ ನಡೆದುಕೊಂಡ ರೀತಿಯಿಂದಲೇ ಎಡಿತ್ ಕ್ಯಾವೆಲ್ ಅವರ ಹೆಸರು ಲೋಕಪ್ರಸಿದ್ಧವಾಯಿತು.

1865ರ ಡಿಸೆಂಬರ್ 4ರಂದು ಇಂಗ್ಲೆಂಡಿನ ಸ್ವಾರ್ಡೆಸ್ಟನ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗಳಾಗಿ ಅವರು ಜನಿಸಿದರು. ಕೆಲಕಾಲ ಮನೆಪಾಠದ ಶಿಕ್ಷಕಿಯಾಗಿದ್ದರು. ಕಾಯಿಲೆ ಬಿದ್ದ ತಂದೆಯ ಆರೈಕೆ ಮಾಡಿದ ಅನುಭವ ಅವರನ್ನು ಶುಶ್ರೂಷೆಯತ್ತ ಒಲಿಸಿತು. ಲಂಡನ್ ಆಸ್ಪತ್ರೆಯಲ್ಲಿ ತರಬೇತಿ ಪಡೆದು, 1907ರಲ್ಲಿ ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ನಲ್ಲಿ ಹೊಸದಾಗಿ ಆರಂಭವಾದ ದಾದಿಯರ ಶಾಲೆಯ ಮುಖ್ಯಸ್ಥೆಯಾದರು. ಅಲ್ಲಿ ಬಹುಮಟ್ಟಿಗೆ ಕ್ರೈಸ್ತ ಸನ್ಯಾಸಿನಿಯರ ಕೈಯಲ್ಲಿದ್ದ ಶುಶ್ರೂಷೆಯನ್ನು ತರಬೇತಿಯುಳ್ಳ ವೃತ್ತಿಯಾಗಿ ರೂಪಿಸಿದವರಲ್ಲಿ ಅವರು ಮುಖ್ಯರು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಅವರು ತಾಯ್ನಾಡಿನಲ್ಲಿದ್ದರು. ಅಲ್ಲೇ ಉಳಿಯಬಹುದಿತ್ತು, ಆದರೆ ಬ್ರಸೆಲ್ಸ್‌ಗೆ ಮರಳಿದರು. ಶಾಲೆ ರೆಡ್ ಕ್ರಾಸ್ ಆಸ್ಪತ್ರೆಯಾಯಿತು. ಗಾಯಾಳು ಯಾವ ದೇಶದವನಾದರೂ ಆರೈಕೆ ಒಂದೇ ಎಂಬುದು ಅವರ ನಿಯಮವಾಗಿತ್ತು. ಜರ್ಮನ್ ಸೈನಿಕರಿಗೂ ಅಲ್ಲಿ ಶುಶ್ರೂಷೆ ದೊರೆಯಿತು.

ಜರ್ಮನ್ ಸೇನೆ ನಗರವನ್ನು ಹಿಡಿದ ಮೇಲೆ, ತಮ್ಮ ಪಡೆಗಳಿಂದ ಬೇರ್ಪಟ್ಟ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಆಶ್ರಯ ಕೋರಿ ಬಂದರು. ಅವರನ್ನು ಅಡಗಿಸಿದರೆ ಮರಣದಂಡನೆಯ ಭಯ, ಹೊರದೂಡಿದರೆ ಅವರ ಪ್ರಾಣಕ್ಕೆ ಅಪಾಯ. ಕ್ಯಾವೆಲ್ ಬಾಗಿಲು ತೆರೆದರು. ಸುಮಾರು 200 ಮಂದಿ ತಟಸ್ಥ ದೇಶವಾದ ಹಾಲೆಂಡಿಗೆ ಪಾರಾಗಲು ನೆರವಾದರು.

1915ರ ಆಗಸ್ಟ್ 5ರಂದು ಅವರ ಬಂಧನವಾಯಿತು. ವಿಚಾರಣೆಯಲ್ಲಿ ಅವರು ಮಾಡಿದ್ದನ್ನು ಮರೆಮಾಚಲಿಲ್ಲ. ಅಮೆರಿಕ ಮತ್ತು ಸ್ಪೇನ್ ದೇಶಗಳ ರಾಜತಂತ್ರಜ್ಞರ ಮನವಿ ಫಲಿಸದೆ, ಅಕ್ಟೋಬರ್ 12ರ ಮುಂಜಾನೆ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. 1919ರಲ್ಲಿ ಅವರ ಪಾರ್ಥಿವ ಶರೀರವನ್ನು ಇಂಗ್ಲೆಂಡಿಗೆ ತಂದು ನಾರಿಚ್ ಕೆಥೆಡ್ರಲ್ ಆವರಣದಲ್ಲಿ ಸಮಾಧಿ ಮಾಡಲಾಯಿತು.

ದಿನವಿಡೀ ನಿಯಮಗಳ ನಡುವೆ ದುಡಿಯುವ ನಮಗೆ, ಈ ಪ್ರಕರಣದ ಇನ್ನೊಂದು ಮಗ್ಗುಲನ್ನು ಮರೆಯಲಾಗದು. ವೈದ್ಯರು ಮತ್ತು ದಾದಿಯರಿಗೆ ಜಿನೀವಾ ಒಪ್ಪಂದ ನೀಡುವ ರಕ್ಷಣೆ, ಆಸ್ಪತ್ರೆಯನ್ನು ಶತ್ರುವಿಗೆ ಹಾನಿಯಾಗುವ ಕಾರ್ಯಕ್ಕೆ ಬಳಸಿದರೆ ಕಳೆದುಹೋಗುತ್ತದೆ. 1949ರ ಒಪ್ಪಂದವೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಆಸ್ಪತ್ರೆಯ ಮೇಲಿನ ನಂಬಿಕೆ ಮುರಿದರೆ ಅಲ್ಲಿರುವ ಎಲ್ಲ ಗಾಯಾಳುಗಳಿಗೂ ಕೇಡು ಎಂಬುದೇ ಇದರ ಕಾರಣ. ಕ್ಯಾವೆಲ್ ಆ ಗೆರೆಯನ್ನು ದಾಟಿದರು, ದಾಟಿದ್ದಕ್ಕೆ ಬೆಲೆಯನ್ನೂ ತಾವೇ ತೆತ್ತರು. ತಪ್ಪಿನ ಭಾರವನ್ನು ಬೇರೊಬ್ಬರ ಹೆಗಲಿಗೆ ದಾಟಿಸದ ಆ ಗುಣವೇ, ನಮ್ಮ ಮಟ್ಟಿಗೆ, ಅವರ ವೃತ್ತಿಧರ್ಮದ ಸಾರ. ಶುಶ್ರೂಷೆಯ ವೃತ್ತಿಗೆ ಕಾಲಿಡುವ ನಮ್ಮ ಮನೆಗಳ ಮಕ್ಕಳು ಈ ಜೀವನವನ್ನು ಅರಿತಿರಲಿ ಎಂದು ಆಶಿಸುತ್ತೇವೆ.