ಬರಹಗಾರರ ಪಾಲಕ ಸಂತ ಫ್ರಾನ್ಸಿಸ್ ಡಿ ಸೇಲ್ಸ್

ಬರೆಯುವ ಆಸೆಯಿದ್ದರೂ ಓದುವವರು ಯಾರೆಂದು ಹಿಂಜರಿಯುವ ಯುವಕ ಯುವತಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರಿಗೆಲ್ಲ ಸಂತ ಫ್ರಾನ್ಸಿಸ್ ಡಿ ಸೇಲ್ಸರ ಜೀವನ ದಾರಿದೀಪವಾಗಿದೆ.

1567ರಲ್ಲಿ ಇಂದಿನ ಫ್ರಾನ್ಸಿಗೆ ಸೇರಿದ ಸವೋಯ್ ನಾಡಿನಲ್ಲಿ ಜನಿಸಿದ ಇವರು ತಂದೆಯ ಇಚ್ಛೆಯಂತೆ ಇಟಲಿಯ ಪಾದುವಾದಲ್ಲಿ ಕಾನೂನು ಕಲಿತರು. ಆದರೆ ದೇವರ ಕರೆಗೆ ಓಗೊಟ್ಟು 1593ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಕ್ಯಾಲ್ವಿನ್ ಪಂಥದವರೇ ತುಂಬಿದ್ದ ಶಾಬ್ಲೆ ಪ್ರದೇಶಕ್ಕೆ ಹೋದಾಗ ಪ್ರವಚನಕ್ಕೆ ಬಂದವರು ಬೆರಳೆಣಿಕೆಯ ಜನ. ಅವರು ಎದೆಗುಂದಲಿಲ್ಲ. ವಿಶ್ವಾಸದ ವಿಷಯಗಳನ್ನು ಬಿಡಿ ಹಾಳೆಗಳಲ್ಲಿ ಬರೆದು ಮನೆಮನೆಗೆ ತಲುಪಿಸಿದರು. ಕೇಳಲು ಬಾರದವರು ಓದತೊಡಗಿದರು.

1602ರಲ್ಲಿ ಜಿನೀವಾದ ಬಿಷಪರಾದರು. ಬಿಡುವಿಲ್ಲದ ಸೇವೆಯ ನಡುವೆಯೂ ಪತ್ರ ಬರೆಯುವುದನ್ನು ಬಿಡಲಿಲ್ಲ. ಸಂಸಾರದಲ್ಲಿದ್ದುಕೊಂಡೇ ಭಕ್ತಿಯಿಂದ ಬಾಳಲು ಬಯಸಿದ ಬಂಧುವರ್ಗದ ಒಬ್ಬ ಗೃಹಿಣಿಗೆ ಬರೆದುಕೊಟ್ಟ ಸಲಹೆಗಳೇ 1609ರಲ್ಲಿ ಭಕ್ತಿಜೀವನದ ಪ್ರಸಿದ್ಧ ಗ್ರಂಥವಾಗಿ ಹೊರಬಂದವು. ಮುದ್ರಣವಾದ ಮೇಲೂ ಅವರು ಅದನ್ನು ತಿದ್ದಿ ಬೆಳೆಸಿದರು.

1622ರಲ್ಲಿ ಲಿಯೋನ್ ನಗರದಲ್ಲಿ ನಿಧನರಾದ ಇವರನ್ನು 1665ರಲ್ಲಿ ಸಂತರೆಂದು ಘೋಷಿಸಲಾಯಿತು. 1923ರಲ್ಲಿ ಪೋಪ್ ಹನ್ನೊಂದನೇ ಪಿಯೂಸ್ ಇವರನ್ನು ಕಥೋಲಿಕ ಬರಹಗಾರರ ಪಾಲಕರನ್ನಾಗಿ ಸಾರಿದರು. ಜನವರಿ 24 ಇವರ ಹಬ್ಬ.

ಇವರಿಂದ ನಾವು ಕಲಿಯುವುದೇನು? ಸಾವಿರ ಓದುಗರಿಗಾಗಿ ಕಾಯುವುದು ಬೇಡ. ನಮಗೆ ಗೊತ್ತಿರುವ ಒಬ್ಬರ ಅಗತ್ಯವನ್ನು ಅರಿತು, ಅವರಿಗೆ ತಿಳಿಯುವ ಮಾತಿನಲ್ಲಿ ಬರೆಯೋಣ. ಚರ್ಚಿನ ಪತ್ರಿಕೆಯ ಅರ್ಧ ಪುಟವೂ ಒಳ್ಳೆಯ ಆರಂಭವೇ. ಕೈಯಲ್ಲಿರುವ ಉದ್ಯೋಗವನ್ನು ಮಾಡುತ್ತಲೇ ದಿನಕ್ಕಷ್ಟು ಬರೆಯೋಣ. ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಿ ತಿದ್ದೋಣ. ಭಿನ್ನಾಭಿಪ್ರಾಯವಿದ್ದಲ್ಲೂ ಮಾತು ಮೃದುವಾಗಿರಲಿ. ದೇವರು ಕೊಟ್ಟ ಲೇಖನಿಯನ್ನು ಮೂಲೆಗಿಡದಿರೋಣ.